ಗ್ಯಾರೇಜಿನಲ್ಲಿ ವಿಮಾನ ಕಟ್ಟುವವರಿಗೆ: ಆರ್‌ವಿ–9ಎ ನನಗೆ ಕಲಿಸಿದ್ದು

ನಮ್ಮ ವಿಮಾನದ ಬಾಲದ ಹತ್ತಿರ, ಹೊರಮೈಗೆ, ಬೆಂಕಿಗೂ ಕರಗದ ಪುಟ್ಟ ಸ್ಟೀಲ್ ಫಲಕವೊಂದನ್ನು ಬಡಿದಿದ್ದೇನೆ. ಮಾದರಿ ಯಾವುದು, ಕ್ರಮಸಂಖ್ಯೆ ಎಷ್ಟು ಎಂದು ಅದರ ಮೇಲೆ ಕೆತ್ತಿದೆ. ‘ತಯಾರಕರು’ ಎಂಬಲ್ಲಿ ಬಿಡಿಭಾಗಗಳ ಕಿಟ್ ಕಳಿಸಿದ ಕಂಪನಿಯ ಹೆಸರಿಲ್ಲ, ನನ್ನ ಹೆಸರಿದೆ. ಅಮೆರಿಕದ ಕಾನೂನಿನ ಪ್ರಕಾರ ಈ ವಿಮಾನವನ್ನು ತಯಾರಿಸಿದವನು ನಾನೇ. ಟೆಕ್ಸಸ್‌ನಲ್ಲಿರುವ ನಮ್ಮ ಮನೆಯ ಎರಡು ಕಾರಿನ ಗ್ಯಾರೇಜಿನಲ್ಲಿ ಆರು ವರ್ಷ ಕೆಲಸ ಮಾಡಿದೆ. ನೋಟ್‌ಬುಕ್ಕಿನ ಲೆಕ್ಕದಲ್ಲಿ ಅದು ಸುಮಾರು 1,900 ಗಂಟೆ. ಆ ಫಲಕದ ಅರ್ಥ ಮೊದಲ ದಿನವೇ ನನಗೆ ತಲೆಗೆ ಹೋಗಿದ್ದರೆ ಮೊದಲ ಎರಡು ವರ್ಷದ ಕೆಲಸವನ್ನು ಬೇರೆ ರೀತಿಯಲ್ಲೇ ಮಾಡುತ್ತಿದ್ದೆ.

ಕಿಟ್ ವಿಮಾನ ಕಟ್ಟಬೇಕು ಅಂತ ಆಸೆಯಿರುವ ಕನ್ನಡದ ಗೆಳೆಯರು ಆಗಾಗ ಫೋನ್ ಮಾಡುತ್ತಾರೆ. ಅವರಿಗೆ ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಂದು ಕ್ರಮದಲ್ಲಿ ಇಟ್ಟಿದ್ದೇನೆ. ಡ್ರಾಯಿಂಗು, ಮ್ಯಾನುಯಲ್ ಕಿಟ್ಟಿನ ಜೊತೆಗೇ ಬರುತ್ತವೆ. ಅವು ಹೇಳದ ಸಂಗತಿಗಳ ಮೇಲೆ ಹೆಚ್ಚು ಗಮನ ಕೊಟ್ಟಿದ್ದೇನೆ.

ಕಿಟ್ ಅಂದರೆ ಏನು, ಕಾನೂನು ಏನು ಕೇಳುತ್ತದೆ

ಕಿಟ್ ಅಂದರೆ ಕಂಪನಿ ಕಳಿಸುವ ಬಿಡಿಭಾಗಗಳು, ಜೋಡಿಸಿ ವಿಮಾನ ಮಾಡುವುದು ನಮ್ಮ ಕೆಲಸ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಹವ್ಯಾಸಿಗಳಿಗೆ ಒಂದು ದಾರಿ ಬಿಟ್ಟಿದೆ. ವಿಮಾನದ ಹೆಚ್ಚಿನ ಪಾಲನ್ನು ಕಲಿಕೆಗೋ ಸಂತೋಷಕ್ಕೋ ನೀವೇ ಕಟ್ಟಿದ್ದರೆ ಅದಕ್ಕೆ ‘ಎಕ್ಸ್‌ಪೆರಿಮೆಂಟಲ್’ ವರ್ಗದಲ್ಲಿ ಹಾರುವ ಪ್ರಮಾಣಪತ್ರ ಸಿಗುತ್ತದೆ. ಆಡುಮಾತಿನಲ್ಲಿ ಇದನ್ನು 51 ಪರ್ಸೆಂಟ್ ನಿಯಮ ಅನ್ನುತ್ತಾರೆ. ಒಬ್ಬರೇ ಕಟ್ಟಬೇಕೆಂದಿಲ್ಲ, ಗೆಳೆಯರು, ಮನೆಯವರು ಕೈಜೋಡಿಸಬಹುದು. ದುಡ್ಡು ಕೊಟ್ಟು ಪೂರ್ತಿ ಕಟ್ಟಿಸಿಕೊಳ್ಳುವಂತಿಲ್ಲ, ಅಷ್ಟೇ. ಇದು ಅಮೆರಿಕದ ಮಾತು. ಬ್ರಿಟನ್ನಿನಲ್ಲಿ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಮೂಲಕ ಹೋಗಬೇಕು, ಭಾರತದಲ್ಲಿ ಅಲ್ಲಿನ ವಿಮಾನಯಾನ ಇಲಾಖೆ ಡಿಜಿಸಿಎ ಬಾಗಿಲು ತಟ್ಟಬೇಕು. ಯಾವ ದೇಶದಲ್ಲೇ ಇರಿ, ಮೊದಲು ಅಲ್ಲಿನ ಇಲಾಖೆಯನ್ನು ವಿಚಾರಿಸಿ, ಆಮೇಲೆ ಕಿಟ್ಟಿಗೆ ಮುಂಗಡ ಕೊಡಿ.

ನಾನು ಆರಿಸಿಕೊಂಡ ಆರ್‌ವಿ–9ಎ ಒರೆಗಾನ್ ರಾಜ್ಯದ ಅರೋರಾದಲ್ಲಿರುವ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯದು. ಸ್ಥಾಪಕ ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ಅವರ ಹೆಸರಿನ ಮೊದಲಕ್ಷರಗಳೇ ಆರ್‌ವಿ. ಎರಡು ಸೀಟು ಪಕ್ಕಪಕ್ಕ, ಮೈಯೆಲ್ಲ ಅಲ್ಯುಮಿನಿಯಂ ತಗಡು, ಮೂಗಿನ ಕೆಳಗೊಂದು ಚಕ್ರ. ಈ ಕಂಪನಿಯ ಎಲ್ಲ ಮಾದರಿ ಸೇರಿ 11 ಸಾವಿರಕ್ಕೂ ಹೆಚ್ಚು ವಿಮಾನಗಳು ಈವರೆಗೆ ಹಾರಿವೆ. ಮೊದಲ ಸಲ ಕಟ್ಟುವವರಿಗೆ ಈ ಸಂಖ್ಯೆ ಮುಖ್ಯ. ನೀವು ಎಲ್ಲಿ ಸಿಕ್ಕಿಕೊಂಡರೂ ಅಲ್ಲೇ ಸಿಕ್ಕಿಕೊಂಡು ಬಿಡಿಸಿಕೊಂಡ ನೂರಾರು ಜನ ಇರುತ್ತಾರೆ. ನೋಡಲು ಎಷ್ಟೇ ಚೆಂದವಿರಲಿ, ಹತ್ತೋ ಹದಿನೈದೋ ಮಾತ್ರ ಹಾರಿರುವ ಮಾದರಿಯನ್ನು ಮೊದಲ ವಿಮಾನವಾಗಿ ಕಟ್ಟಬೇಡಿ ಅಂತಲೇ ಹೇಳುತ್ತೇನೆ.

ಇದು ನಮಗೆ ದೂರದ ವಿಷಯ ಅಂತ ಅಂದುಕೊಳ್ಳಬೇಕಿಲ್ಲ. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್–ಏರ್ ಕಿಟ್‌ಗಳು ಹಡಗು ಹತ್ತಿ ಯುರೋಪಿಗೆ ಹೋಗಿವೆ, ಅಲ್ಲಿನ ಹವ್ಯಾಸಿಗಳು ಅವನ್ನು ಜೋಡಿಸಿ ಹಾರಿಸಿದ್ದಾರೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1987ರಲ್ಲಿ ಹಾರಿಸಿದ ಪುಟ್ಟ ಸಂಶೋಧನಾ ವಿಮಾನಕ್ಕೆ ಮೂಲವಾಗಿದ್ದು ಅಮೆರಿಕದ ವಿನ್ಯಾಸಕ ಬರ್ಟ್ ರುಟಾನ್ ಹವ್ಯಾಸಿಗಳಿಗೆಂದೇ ರೂಪಿಸಿದ ಲಾಂಗ್–ಈಝಿ. ಇದು ತಿಳಿದ ದಿನ ನನಗೆ ನಿಜಕ್ಕೂ ಹೆಮ್ಮೆಯಾಯಿತು.

ದುಡ್ಡು ಕೊಡುವ ಮೊದಲು

ಮೊದಲ ಹೆಜ್ಜೆ ಅದೇ ಮಾದರಿಯ ವಿಮಾನದಲ್ಲಿ ಕೂತು ಬರುವುದು. ನಿಮ್ಮ ಎತ್ತರಕ್ಕೆ ತಲೆ ಗಾಜಿಗೆ ತಾಗುತ್ತದಾ, ಮನೆಯವರು ಪಕ್ಕದ ಸೀಟಿನಲ್ಲಿ ಆರಾಮವಾಗಿ ಕೂರುತ್ತಾರಾ, ಇವೆಲ್ಲ ಬ್ರೋಷರಿನಲ್ಲಿ ಗೊತ್ತಾಗುವುದಿಲ್ಲ. ಕಟ್ಟಿದವರನ್ನು ಕೇಳಿದರೆ ಹೆಚ್ಚಿನವರು ಖುಷಿಯಿಂದ ಕರೆದೊಯ್ಯುತ್ತಾರೆ. 1953ರಲ್ಲಿ ಪಾಲ್ ಪೋಬರೆಜ್ನಿ ಶುರುಮಾಡಿದ, ಹವ್ಯಾಸಕ್ಕೆ ವಿಮಾನ ಕಟ್ಟುವವರ ಇಎಎ ಸಂಘದ ಶಾಖೆಗಳು ಅಮೆರಿಕದ ಉದ್ದಗಲಕ್ಕೂ ಇವೆ. ತಿಂಗಳ ಸಭೆಗೆ ಒಮ್ಮೆ ಹೋಗಿ ಕೂತರೆ ಸಾಕು, ದಾರಿ ತೆರೆಯುತ್ತದೆ. ಇಎಎಯವರೇ ನಡೆಸುವ ಎರಡು ದಿನದ ತಗಡಿನ ಕೆಲಸದ ಕಾರ್ಯಾಗಾರಕ್ಕೂ ಹೋಗಿ ಬನ್ನಿ. ಆ ಎರಡು ದಿನ ನಿಮಗೆ ಬೇಸರ ತಂದರೆ ಆರು ವರ್ಷ ಖಂಡಿತ ತರುತ್ತದೆ.

ಎರಡನೆಯದು ಮನೆ. ವಾರಕ್ಕೆ ಆರು ಗಂಟೆ ಅಂದರೆ ಅದು ಹೆಂಡತಿ ಮಕ್ಕಳ ಆರು ಗಂಟೆ. ಅದನ್ನು ಮೊದಲೇ ಕೂತು ಮಾತಾಡಿಕೊಳ್ಳಿ. ನಮ್ಮಲ್ಲಿ ಒಂದು ನಿಯಮ ಮಾಡಿಕೊಂಡೆವು: ಭಾನುವಾರ ಸಂಜೆ ಗ್ಯಾರೇಜಿಗೆ ಬೀಗ. ಆರು ವರ್ಷದಲ್ಲಿ ಅದನ್ನು ಮುರಿದದ್ದು ಎರಡೇ ಸಲ. ಎರಡು ಸಲವೂ ಸಂದಿ ಮುಚ್ಚಲು ಅರ್ಧ ಬಳಿದ ಸೀಲೆಂಟ್ ಒಣಗಿಬಿಡುತ್ತಿತ್ತು. ಶನಿವಾರ ಹತ್ತು ಗಂಟೆ ದುಡಿಯುವುದಕ್ಕಿಂತ ದಿನಾ ಒಂದೊಂದು ಗಂಟೆ ದುಡಿಯುವುದು ಮೇಲು. ಒಂದು ವಾರ ಬಿಟ್ಟರೆ ಎಲ್ಲಿಗೆ ನಿಲ್ಲಿಸಿದ್ದೆ ಅಂತ ನೆನಪಿಸಿಕೊಳ್ಳಲಿಕ್ಕೇ ಅರ್ಧ ದಿನ ಹೋಗುತ್ತದೆ.

ದುಡ್ಡಿನ ಲೆಕ್ಕದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ತಗಡಿನ ಕಿಟ್ಟಿನ ಬೆಲೆ ನೋಡಿ ‘ಇಷ್ಟೇನಾ’ ಅನಿಸುತ್ತದೆ. ಎಂಜಿನ್, ಪ್ರೊಪೆಲ್ಲರ್, ಕಾಕ್‌ಪಿಟ್ಟಿನ ಪರದೆಗಳು, ರೇಡಿಯೋ ಎಲ್ಲ ಸೇರಿದರೆ ಆ ತಗಡಿನ ಬೆಲೆಯನ್ನು ಮೀರಿಸುತ್ತವೆ. ಒಳ್ಳೆಯ ಸಂಗತಿಯೆಂದರೆ ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಕಿಲ್ಲ. ಮೊದಲು ಬಾಲದ ಕಿಟ್, ಆಮೇಲೆ ರೆಕ್ಕೆ, ಆಮೇಲೆ ಒಡಲು, ಕೊನೆಗೆ ಫಿನಿಶಿಂಗ್ ಕಿಟ್. ಎಂಜಿನ್ ಆದಷ್ಟು ತಡವಾಗಿ ತರಿಸಿ. ಓಡದೆ ಕೂತ ಎಂಜಿನ್ನಿನ ಒಳಗೆ ತುಕ್ಕು ಹಿಡಿಯುತ್ತದೆ, ವಾರಂಟಿ ದಿನವೂ ಸವೆಯುತ್ತದೆ. ಎಲೆಕ್ಟ್ರಾನಿಕ್ಸ್ ಅಂತೂ ಕಟ್ಟಕಡೆಗೆ. ಮೊದಲ ವರ್ಷ ಕೊಂಡ ಪರದೆ ಐದನೇ ವರ್ಷಕ್ಕೆ ಹಳೆಯದಾಗಿರುತ್ತದೆ.

ಬಾಲದಿಂದ ಶುರು: ರಿವೆಟ್ಟಿನ ಪಾಠ

ಇಡೀ ವಿಮಾನದಲ್ಲಿ ತಗಡುಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುವ, ಮೊಳೆಯಂಥ ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್‌ಗಳಿವೆ. ಹಾಗಾಗಿ ವಿಮಾನ ಕಟ್ಟುವುದು ಅಂದರೆ ಬಹುಪಾಲು ಹೊತ್ತು ತೂತು ಕೊರೆಯುವುದು, ತೂತಿನ ಬಾಯಿ ನುಣುಪು ಮಾಡುವುದು, ರಿವೆಟ್ ಬಡಿಯುವುದು. ಈ ಮೂರು ಕೈಗೆ ಕೂತರೆ ಉಳಿದದ್ದು ತಾಳ್ಮೆ.

ತಗಡು ಮನೆಗೆ ಬಂದಾಗ ಅದರ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಗೀರು ಬೀಳದಿರಲಿ ಅಂತ ಅದನ್ನು ವರ್ಷಗಟ್ಟಲೆ ಹಾಗೇ ಬಿಟ್ಟವರಿದ್ದಾರೆ. ಅದರಡಿ ತೇವ ಕೂತು ಲೋಹ ತಿಂದುಹಾಕುತ್ತದೆ. ಹೆಚ್ಚು ದಿನ ಇಡಬೇಕಾದರೆ ಹಾಳೆ ಕಿತ್ತು, ಒಣ ಜಾಗದಲ್ಲಿ ನೇರ ನಿಲ್ಲಿಸಿ. ಇನ್ನೊಂದು, ಅಲ್ಯುಮಿನಿಯಂ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಬೇಡಿ. ಪೆನ್ಸಿಲ್ಲಿನ ಗ್ರಾಫೈಟ್ ಉಳಿದ ಕಡೆ ತುಕ್ಕು ಶುರುವಾಗುತ್ತದೆ. ಮಾರ್ಕರ್ ಪೆನ್ ಬಳಸಿ.

ತಗಡುಗಳನ್ನು ಕ್ಲೀಕೊ ಎಂಬ ಸ್ಪ್ರಿಂಗ್ ಪಿನ್ನುಗಳಿಂದ ತಾತ್ಕಾಲಿಕವಾಗಿ ಜೋಡಿಸಿ, ಕೊನೆಯ ಅಳತೆಗೆ ಕೊರೆದು, ಮತ್ತೆ ಎಲ್ಲ ಬಿಚ್ಚಬೇಕು. ಸಣ್ಣ ರಿವೆಟ್ಟಿನ ತೂತಿಗೆ ಬೆಳ್ಳಿ ಬಣ್ಣದ ಕ್ಲೀಕೊ, 1/8 ಇಂಚಿನದಕ್ಕೆ ತಾಮ್ರದ ಬಣ್ಣದ್ದು. ಬಿಚ್ಚಿದ ಮೇಲೆ ಪ್ರತಿ ತೂತಿನ ಎರಡೂ ಬದಿಯ ತರಿಯನ್ನು ತೆಗೆಯಬೇಕು. ಬೇಸರ ಹಿಡಿಸುವ ಕೆಲಸವೇ, ಆದರೆ ಒಂದು ತೂತನ್ನೂ ಬಿಡುವಂತಿಲ್ಲ. ಉಳಿದ ತರಿ ಎರಡು ತಗಡುಗಳ ನಡುವೆ ಕೂತು ರಿವೆಟ್ ಸರಿಯಾಗಿ ಹಿಡಿಯದ ಹಾಗೆ ಮಾಡುತ್ತದೆ, ಮುಂದೆ ಬಿರುಕು ಹುಟ್ಟುವುದೂ ಅಂಥಲ್ಲೇ. ಈ ಕೆಲಸಕ್ಕೆ ನಾನು ಹಳೆಯ ಹಾಡುಗಳನ್ನು ಹಾಕಿಕೊಳ್ಳುತ್ತಿದ್ದೆ. ಗಂಟೆ ಹೋಗಿದ್ದೇ ತಿಳಿಯುತ್ತಿರಲಿಲ್ಲ.

ರಿವೆಟ್ ಬಡಿಯಲು ಇಬ್ಬರು ಬೇಕು. ಹೊರಗಿನಿಂದ ಒಬ್ಬರು ರಿವೆಟ್ ಗನ್ ಒತ್ತಬೇಕು, ಒಳಗಿನಿಂದ ಇನ್ನೊಬ್ಬರು ಭಾರದ ಬಕಿಂಗ್ ಬಾರ್ ಆನಿಸಿ ಹಿಡಿಯಬೇಕು. ಒಳಗಿನ ತುದಿ ಚಪ್ಪಟೆಯಾಗಿ ಇನ್ನೊಂದು ತಲೆಯಾಗುತ್ತದೆ. ಆ ತಲೆಯ ಅಗಲ ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧದಷ್ಟು ಇರಬೇಕು. 1/8 ಇಂಚಿನ ರಿವೆಟ್ಟಾದರೆ ತಲೆ 3/16 ಇಂಚು ಅಗಲ, 1/16 ಇಂಚು ಎತ್ತರ. ಇದನ್ನು ಅಳೆಯಲು ಪುಟ್ಟ ಗೇಜ್ ಸಿಗುತ್ತದೆ. ಮೊದಲ ಸಾವಿರಕ್ಕೆ ಪ್ರತಿಯೊಂದನ್ನೂ ಅಳೆಯಿರಿ, ಆಮೇಲೆ ಕಣ್ಣೇ ಗೇಜ್ ಆಗುತ್ತದೆ.

ನನ್ನ ಜೊತೆ ಬಾರ್ ಹಿಡಿದವಳು ಮಗಳು. ಶುರುಮಾಡಿದಾಗ ಅವಳಿಗೆ ಹದಿಮೂರು. ಅವಳ ತೆಳು ಕೈ ರೆಕ್ಕೆಯ ಒಳಗೆ ನನ್ನ ಕೈ ಹೋಗದ ಕಡೆಗೆಲ್ಲ ಹೋಗುತ್ತಿತ್ತು. ಕಿವಿಗೆ ಇಯರ್‌ಮಫ್ ಹಾಕಿಕೊಂಡರೆ ಮಾತು ಕೇಳುವುದಿಲ್ಲ, ಹಾಕಿಕೊಳ್ಳದಿದ್ದರೆ ಕಿವಿಯೇ ಹೋಗುತ್ತದೆ. ಅದಕ್ಕೆ ಸನ್ನೆ ಮಾಡಿಕೊಂಡಿದ್ದೆವು: ಬಾರಿನಿಂದ ತಗಡಿಗೆ ಒಮ್ಮೆ ತಟ್ಟಿದರೆ ಸರಿ, ಎರಡು ಸಲ ತಟ್ಟಿದರೆ ಇನ್ನೊಂಚೂರು ಬಡಿ, ಮೂರು ಸಲ ತಟ್ಟಿದರೆ ನಿಲ್ಲಿಸು. ಒಂದು ಸಂಜೆ ಮೂರು ತಟ್ಟು ಬಂತು. ಮಫ್ ತೆಗೆದೆ.

“ಅಪ್ಪಾ, ಇದು ವಾಲಿದೆ.”

“ಜಾಸ್ತಿ ವಾಲಿದೆಯಾ?”

“ಜಾಸ್ತಿ ಇಲ್ಲ. ಆದರೆ ವಾಲಿದೆ.”

ತೆಗೆದೆವು. ಬಡಿದ ರಿವೆಟ್ಟನ್ನು ತೆಗೆಯುವುದಕ್ಕೂ ಒಂದು ವಿಧಾನವಿದೆ. ಹೊರತಲೆಯ ನಟ್ಟನಡುವೆ ಡ್ರಿಲ್ ಇಟ್ಟು, ತಲೆಯ ಆಳದಷ್ಟು ಮಾತ್ರ ಕೊರೆದು, ತಲೆಯನ್ನು ಪಂಚಿನಿಂದ ಮುರಿದು, ಉಳಿದ ಒಡಲನ್ನು ಹಿಂದಕ್ಕೆ ತಳ್ಳಬೇಕು. ಆತುರಪಟ್ಟು ಪೂರ್ತಿ ಕೊರೆದರೆ ತೂತು ಅಗಲವಾಗುತ್ತದೆ, ಆಗ ಸಣ್ಣ ತಪ್ಪು ದೊಡ್ಡದಾಗುತ್ತದೆ. ಅಗಲವಾಗಿಯೇ ಹೋದರೆ ಸಣ್ಣ ತಲೆಯ, ದಪ್ಪ ಒಡಲಿನ ರಿವೆಟ್ ಸಿಗುತ್ತದೆ. ಒಂದು ಡಬ್ಬಿ ತಂದಿಟ್ಟುಕೊಳ್ಳಿ. ಹಾಗಂತ ಚೂರು ಕಡಿಮೆಯಿರುವ ಪ್ರತಿ ರಿವೆಟ್ಟನ್ನೂ ಕೀಳಬೇಕೆಂದಿಲ್ಲ, ಕಿತ್ತು ಕೆಡಿಸುವುದಕ್ಕಿಂತ ಹಾಗೇ ಬಿಡುವುದು ಒಳ್ಳೆಯದೆಂದು ಮ್ಯಾನುಯಲ್ಲೇ ಹೇಳುವ ಸಂದರ್ಭಗಳಿವೆ. ಅಳತೆ ಮಾಡಿ, ಪುಸ್ತಕ ನೋಡಿ ತೀರ್ಮಾನಿಸಿ. ಆ ಗಳಿಗೆಯ ಸುಸ್ತಿನ ಕೈಗೆ ತೀರ್ಮಾನ ಬಿಡಬೇಡಿ.

ಅನುಮಾನದ ಪುಸ್ತಕ

ಎಲ್ಲರೂ ಕೆಲಸದ ದಿನಚರಿ ಬರೆಯುತ್ತಾರೆ. ಫೋಟೊ, ದಿನಾಂಕ, ಗಂಟೆ ಇರುವ ದಿನಚರಿಯನ್ನು ತಪಾಸಣೆಗೆ ಬಂದವರು ಕೇಳುತ್ತಾರೆ, ಕಟ್ಟಿದವರು ನೀವೇ ಅನ್ನುವುದಕ್ಕೆ ಅದೇ ಸಾಕ್ಷಿ. ನಾನು ಇನ್ನೊಂದು ಪುಸ್ತಕವನ್ನೂ ಇಟ್ಟೆ, ಮೂರನೇ ವರ್ಷದಿಂದ. ಅದರಲ್ಲಿ ಬರೆದದ್ದು ಅನುಮಾನಗಳನ್ನು ಮಾತ್ರ. ‘ಎಡ ಎಲಿವೇಟರ್ ಹಿಂಜ್ ಬೋಲ್ಟ್, ವಾಷರ್ ಹಾಕಿದೆನಾ?’ ಇಂಥವು. (ಎಲಿವೇಟರ್ ಅಂದರೆ ಬಾಲದಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ.) ರಾತ್ರಿ ಮಲಗಿದಾಗ ನೆನಪಾದರೂ ಎದ್ದು ಬರೆಯುತ್ತಿದ್ದೆ. ಮಾರನೆಯ ದಿನ ಗ್ಯಾರೇಜಿನಲ್ಲಿ ಮೊದಲ ಕೆಲಸ ಅದನ್ನು ನೋಡಿ ಹೊಡೆದುಹಾಕುವುದು. ಹೊಡೆದುಹಾಕದ ಸಾಲು ಇರುವಾಗ ಆ ಭಾಗವನ್ನು ಮುಚ್ಚುವಂತಿಲ್ಲ.

ಈ ಪುಸ್ತಕ ಹುಟ್ಟಿದ್ದಕ್ಕೆ ಕಾರಣವಿದೆ. ಇಎಎಯಲ್ಲಿ ಟೆಕ್ನಿಕಲ್ ಕೌನ್ಸೆಲರ್ ಎಂಬ ಸ್ವಯಂಸೇವಕರಿರುತ್ತಾರೆ. ತಾವೂ ವಿಮಾನ ಕಟ್ಟಿದವರು, ಮನೆಗೆ ಬಂದು ಪುಕ್ಕಟೆಯಾಗಿ ಕೆಲಸ ನೋಡಿ ಹೋಗುತ್ತಾರೆ. ನಮ್ಮಲ್ಲಿಗೆ ಬಂದ ಹಿರಿಯರು ಟಾರ್ಚ್ ಹಿಡಿದು ಎಲಿವೇಟರಿನ ಪುಶ್‌ರಾಡ್ ತುದಿಯಲ್ಲಿದ್ದ ಒಂದು ನಟ್ಟನ್ನು ಎರಡು ಬೆರಳಲ್ಲಿ ತಿರುಗಿಸಿದರು. ತಿರುಗಿತು. ‘ಆಮೇಲೆ ಹೊಂದಿಸುವುದಿದೆ’ ಅಂತ ನಾಲ್ಕು ತಿಂಗಳ ಹಿಂದೆ ನಾನೇ ಸಡಿಲ ಬಿಟ್ಟಿದ್ದೆ. ಮರೆತಿದ್ದೆ. ಮೂಗನ್ನು ಮೇಲೆ ಕೆಳಗೆ ಮಾಡುವುದೇ ಆ ರಾಡ್. ಅವರು ಒಂದು ಮಾತೂ ಬೈಯಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ನಮ್ಮ ಗ್ಯಾರೇಜಿನಲ್ಲಿ ಎರಡು ಬಣ್ಣ ಬಂದವು. ಪೂರ್ತಿಯಾಗದ ಯಾವುದೇ ನಟ್ಟಿಗೆ, ಕನೆಕ್ಷನ್ನಿಗೆ, ಕೆಂಪು ಟೇಪು. ಬಿಗಿ ಎಷ್ಟೆಂದು ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ ಕೊನೆಯ ಬಿಗಿ ಕೊಟ್ಟ ಮೇಲೆ ಮಾತ್ರ ನಟ್ಟಿನಿಂದ ಮೈಗೆ ಅಡ್ಡಲಾಗಿ ಕಿತ್ತಳೆ ಬಣ್ಣದ ಒಂದು ಗೆರೆ. ನಟ್ ಮುಂದೆಂದಾದರೂ ತಿರುಗಿದರೆ ಆ ಗೆರೆ ಸೀಳುತ್ತದೆ. ಬಿಗಿ ಎಷ್ಟು ಅನ್ನುವುದೂ ಕೈಯಂದಾಜಿನ ವಿಷಯವಲ್ಲ. 3/16 ಇಂಚಿನ ಸಾಮಾನ್ಯ ವಿಮಾನ ಬೋಲ್ಟಿಗೆ 20ರಿಂದ 25 ಇಂಚು–ಪೌಂಡ್ ಅಷ್ಟೇ. ಕಾರು ಸ್ಕೂಟರ್ ರಿಪೇರಿ ಮಾಡಿದ ಕೈಗೆ ಅದು ಏನೂ ಬಿಗಿಯಾಗಿಲ್ಲ ಅನಿಸುತ್ತದೆ, ಇನ್ನೊಂದು ಸುತ್ತು ಕೊಡೋಣ ಅನಿಸುತ್ತದೆ. ಕೊಡಬೇಡಿ.

ಪೆಟ್ರೋಲ್ ಟ್ಯಾಂಕು

ಆರ್‌ವಿ–9ಎ ರೆಕ್ಕೆಯ ಮುಂಚೂಣಿಯೇ ಟ್ಯಾಂಕು. ಒಂದೊಂದರಲ್ಲಿ 18 ಗ್ಯಾಲನ್. ಒಳಗಿನ ಪ್ರತಿ ಸಂದಿಗೂ, ಪ್ರತಿ ರಿವೆಟ್ಟಿಗೂ ಕಪ್ಪು ಸೀಲೆಂಟ್ ಬಳಿಯಬೇಕು. ಕೆಟ್ಟ ವಾಸನೆ, ಕೈಗೆ ಅಂಟಿದರೆ ಬಿಡುವುದಿಲ್ಲ, ಬಟ್ಟೆಗೆ ಅಂಟಿದರೆ ಬಟ್ಟೆಯ ಆಸೆ ಬಿಡಿ. ಎರಡು ಭಾಗಗಳನ್ನು ತೂಕದಲ್ಲಿ ಹತ್ತಕ್ಕೆ ಒಂದರಂತೆ ಕಲಸಬೇಕು. ಕಣ್ಣಂದಾಜು ಬೇಡ, ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು. ಒಮ್ಮೆಗೆ ಅಷ್ಟೇ ಅಷ್ಟು ಕಲಸಿ. ಹೆಚ್ಚು ಕಲಸಿದರೆ ಅದು ಗಟ್ಟಿಯಾಗುವ ಭಯಕ್ಕೆ ಕೈ ಓಡಲು ಶುರುವಾಗುತ್ತದೆ.

ಸೋರಿಕೆ ಪರೀಕ್ಷೆಗೆ ಬೇಕಾದದ್ದು ಮಕ್ಕಳ ಬಲೂನು. ಟ್ಯಾಂಕಿನ ಎಲ್ಲ ಬಾಯಿ ಮುಚ್ಚಿ, ಗಾಳಿಕೊಳವೆಗೆ ಬಲೂನು ಕಟ್ಟಿ, ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ತುಂಬಿ. ಕಂಪ್ರೆಸರ್ ಅಂತೂ ಹಚ್ಚಲೇಬೇಡಿ, ಟ್ಯಾಂಕು ಉಬ್ಬಿ ಕೆಟ್ಟುಹೋಗುತ್ತದೆ. ರಾತ್ರಿ ತುಂಬಿದ ಬಲೂನು ಬೆಳಿಗ್ಗೆ ಸೊರಗಿದ್ದರೆ ಕೂಡಲೇ ಸೋರಿದೆ ಅಂದುಕೊಳ್ಳಬೇಕಿಲ್ಲ, ತಂಪಿಗೆ ಗಾಳಿ ಕುಗ್ಗುತ್ತದೆ. ಮಧ್ಯಾಹ್ನದ ಬಿಸಿಗೆ ಮತ್ತೆ ಉಬ್ಬಿದರೆ ಟ್ಯಾಂಕು ಚೆನ್ನಾಗಿದೆ. ನನ್ನ ಎಡ ಟ್ಯಾಂಕಿನದು ಉಬ್ಬಲಿಲ್ಲ. ಸೋಪಿನ ನೀರು ಬಳಿದು ನೋಡಿದರೆ ಇಂಧನ ಮಟ್ಟ ತೋರಿಸುವ ಸಾಧನದ ತಟ್ಟೆಯ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ, ಒಂದರ ಹಿಂದೊಂದು. ಹೊರಗಿನಿಂದ ಒಂದಿಷ್ಟು ಸೀಲೆಂಟ್ ಮೆತ್ತಿದರೆ ಆಯಿತಲ್ಲ ಅಂತ ಆಸೆಯಾಗುತ್ತದೆ. ಒತ್ತಡ ಬರುವುದು ಒಳಗಿನಿಂದ, ಹೊರಗಿನ ತೇಪೆ ಇಂದಲ್ಲ ನಾಳೆ ಎದ್ದು ಬರುತ್ತದೆ. ತಟ್ಟೆ ಬಿಚ್ಚಿ, ಹಳೆಯದನ್ನೆಲ್ಲ ಕೆರೆದು, ತೊಳೆದು, ಒಳಮೈಗೇ ಬಳಿದೆ. ಎರಡು ವಾರ ಹೋಯಿತು.

ಒಮ್ಮೆ ಮಾತ್ರ ಕೊರೆಯಬಹುದಾದ ತೂತು

ಹೆಚ್ಚಿನ ತಪ್ಪುಗಳಿಗೆ ಕಂಪನಿ ಹೊಸ ಬಿಡಿಭಾಗ ಕಳಿಸುತ್ತದೆ, ದುಡ್ಡು ಹೋಗುತ್ತದೆ ಅಷ್ಟೇ. ರೆಕ್ಕೆಯ ಹಿಂದಿನ ತೊಲೆಯನ್ನು ಒಡಲಿಗೆ ಸೇರಿಸುವ ತೂತು ಹಾಗಲ್ಲ. ಎರಡೂ ರೆಕ್ಕೆಗಳನ್ನು ಒಡಲಿಗೆ ಹೊಂದಿಸಿ, ಮುಂದಂಚಿನಿಂದ ತೂಗುಗುಂಡುಗಳನ್ನು ಇಳಿಬಿಟ್ಟು ನಾಲ್ಕೂ ಒಂದೇ ಗೆರೆಯಲ್ಲಿವೆಯಾ ನೋಡಬೇಕು. ಎರಡೂ ರೆಕ್ಕೆಯ ತುದಿಯಿಂದ ಬಾಲದ ಒಂದೇ ಬಿಂದುವಿಗೆ ಇರುವ ದೂರ ಸಮನಾಗಿರಬೇಕು. ರೆಕ್ಕೆ ಗಾಳಿಗೆ ಒಡ್ಡಿಕೊಳ್ಳುವ ಕೋನ ಎರಡೂ ಕಡೆ ಒಂದೇ ಇರಬೇಕು. ಇಷ್ಟೆಲ್ಲ ಆದಮೇಲೆ 5/16 ಇಂಚಿನ ತೂತಿನ ನಡುವಿನಿಂದ ಲೋಹದ ಅಂಚಿಗೆ ಎಲ್ಲ ಕಡೆಯೂ ಕನಿಷ್ಠ 5/8 ಇಂಚು ಉಳಿಯಬೇಕು. ಕಡಿಮೆಯಾದರೆ ಆ ಭಾಗವೇ ನಿಷ್ಪ್ರಯೋಜಕ.

ಅಳತೆ ಮಾಡಿ ಮೂರು ದಿನ ಸುಮ್ಮನಿದ್ದೆ. ದಿನಾ ಬೆಳಿಗ್ಗೆ ಹೋಗಿ ಮೊದಲಿನಿಂದ ಅಳೆದು ಬರೆದಿಡುತ್ತಿದ್ದೆ, ಹಿಂದಿನ ದಿನದ ಚೀಟಿ ನೋಡದೆ. ಮೂರು ಚೀಟಿಯೂ ಒಂದೇ ಹೇಳಿದ ಮೇಲೆ, ನಾಲ್ಕನೆಯ ದಿನ ಇಎಎ ಶಾಖೆಯ ಇಬ್ಬರು ಗೆಳೆಯರನ್ನು ಕರೆದು ಅವರ ಕೈಯಲ್ಲೂ ಅಳೆಸಿ, ಡ್ರಿಲ್ ನೇರವಾಗಿ ಹೋಗುವಂತೆ ದಿಮ್ಮಿಯೊಂದನ್ನು ಕಟ್ಟಿಕೊಂಡು ಕೊರೆದೆ. ಕೊರೆಯಲು ಹಿಡಿದದ್ದು ಐದು ನಿಮಿಷ. ಇಂಥ ಕೆಲಸ ಇಡೀ ವಿಮಾನದಲ್ಲಿ ನಾಲ್ಕೈದು ಮಾತ್ರ ಇವೆ. ಡ್ರಾಯಿಂಗಿನಲ್ಲಿ ಅವನ್ನು ಮೊದಲೇ ಗುರುತು ಹಾಕಿಕೊಳ್ಳಿ, ಆಫೀಸಿನಿಂದ ದಣಿದು ಬಂದ ದಿನ ಮುಟ್ಟಬೇಡಿ.

ಕಾಕ್‌ಪಿಟ್ಟಿನ ಮೇಲಿನ ಅಕ್ರಿಲಿಕ್ ಗಾಜೂ ಈ ಪಟ್ಟಿಗೆ ಸೇರುತ್ತದೆ. ಚಳಿಯಲ್ಲಿ ಕತ್ತರಿಸಿದರೆ ಬಿರುಕು ಬಿಡುತ್ತದೆ, ಸಾಮಾನ್ಯ ಡ್ರಿಲ್ ಬಿಟ್ ಬಳಸಿದರೂ ಬಿಡುತ್ತದೆ. ಉತ್ತರದ ರಾಜ್ಯಗಳಲ್ಲಿ ಹೀಟರ್ ಹಚ್ಚಿ ಗ್ಯಾರೇಜ್ ಕಾಯಿಸುತ್ತಾರೆ. ನಾನು ಜೂನ್ ಬರುವವರೆಗೆ ಗಾಜಿನ ಪೆಟ್ಟಿಗೆ ತೆರೆಯಲೇ ಇಲ್ಲ. ಟೆಕ್ಸಸ್ ಬಿಸಿಲು ಉಳಿದದ್ದನ್ನು ನೋಡಿಕೊಂಡಿತು.

ವೈರಿಂಗ್, ಎಂಜಿನ್

ವೈರಿಂಗ್ ಬಗ್ಗೆ ಮೂರೇ ಮಾತು. ಒಂದು ವೈರ್ ಕತ್ತರಿಸುವ ಮೊದಲು ಇಡೀ ನಕ್ಷೆ ಕಾಗದದ ಮೇಲೆ ಬರಲಿ. ಕಾರಿನ ಅಂಗಡಿಯ ಪಿವಿಸಿ ವೈರ್ ಬೇಡ, ಸುಟ್ಟರೆ ಅದರ ಹೊಗೆ ಮುಚ್ಚಿದ ಕಾಕ್‌ಪಿಟ್ಟಿನಲ್ಲಿ ವಿಷ. ವಿಮಾನಕ್ಕೆಂದೇ ಬರುವ ಟೆಫ್‌ಜೆಲ್ ಹೊದಿಕೆಯ ವೈರ್ ತನ್ನಿ. ವೈರಿನ ತುದಿಗೆ ಒತ್ತಿ ಕೂರಿಸಿದ ಪ್ರತಿ ಕ್ರಿಂಪನ್ನೂ ಎಳೆದು ನೋಡಿ, ಪ್ರತಿ ತುದಿಗೂ ಹೆಸರಿನ ಚೀಟಿ ಅಂಟಿಸಿ.

ನನ್ನದು 160 ಅಶ್ವಶಕ್ತಿಯ ಲೈಕಮಿಂಗ್ ಓ–320. ಹೊಸ ಎಂಜಿನ್ನನ್ನು ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಯಿಲ್ ಒತ್ತಡ ಕಾಣುವವರೆಗೆ ಸ್ಟಾರ್ಟರಿನಲ್ಲೇ ತಿರುಗಿಸಬೇಕು. ಬಾಲವನ್ನು ನೆಲಕ್ಕೆ ಕಟ್ಟಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ನಿಲ್ಲಲಿ. ಆರು ವರ್ಷ ಕಾದ ಶಬ್ದ ಕೇಳಿದ ಸಂಭ್ರಮಕ್ಕೆ ಬಂದವರಿಗೆಲ್ಲ ಓಡಿಸಿ ತೋರಿಸುವ ಆಸೆ ಬರುತ್ತದೆ. ತಡೆದುಕೊಳ್ಳಿ. ಹೊಸ ಸಿಲಿಂಡರಿನಲ್ಲಿ ಪಿಸ್ಟನ್ ರಿಂಗ್ ಕೂರಬೇಕಾದರೆ ಹೆಚ್ಚು ಶಕ್ತಿಯಲ್ಲಿ ಹಾರಬೇಕು. ನೆಲದ ಮೇಲೆ ಸುಮ್ಮನೆ ಓಡಿಸಿದಷ್ಟೂ ಸಿಲಿಂಡರಿನ ಒಳಮೈ ಗಾಜಿನಂತೆ ನುಣುಪಾಗಿ ರಿಂಗ್ ಕೂರುವುದೇ ಇಲ್ಲ, ಆಮೇಲೆ ಎಂಜಿನ್ ಆಯಿಲ್ ಕುಡಿಯುತ್ತಲೇ ಇರುತ್ತದೆ.

ತಪಾಸಣೆಗೆ ಮುಂಚೆ ಮಾಡಬೇಕಾದ ಎರಡು ಪರೀಕ್ಷೆ

ಮೂರು ಚಕ್ರದಡಿ ಮೂರು ತಕ್ಕಡಿ ಇಟ್ಟು ತೂಕ, ಗುರುತ್ವ ಕೇಂದ್ರ ಲೆಕ್ಕ ಹಾಕಬೇಕು. ಒಟ್ಟು ತೂಕದ ಮಿತಿ 1,750 ಪೌಂಡ್, ಅಂದರೆ ಸುಮಾರು 794 ಕೆಜಿ.

ಎರಡನೆಯದು ಇಂಧನದ ಹರಿವು, ಇದನ್ನು ಹಗುರವಾಗಿ ತೆಗೆದುಕೊಳ್ಳುವವರು ಬಹಳ. ಮೂಗನ್ನು ಏರುವ ಕೋನಕ್ಕಿಂತ ತುಸು ಮೇಲೆತ್ತಿ ನಿಲ್ಲಿಸಿ, ಕಾರ್ಬುರೇಟರಿನ ಬಳಿ ಪೈಪ್ ಬಿಚ್ಚಿ, ಪಂಪ್ ಓಡಿಸಿ, ಹರಿದದ್ದನ್ನು ಅಳತೆಯ ಪಾತ್ರೆಗೆ ಹಿಡಿದು ಸಮಯ ನೋಡಬೇಕು. ಟೇಕಾಫಿನಲ್ಲಿ ಎಂಜಿನ್ ಕುಡಿಯುವುದಕ್ಕಿಂತ ಕಾಲು ಪಾಲು ಹೆಚ್ಚು, ಅಂದರೆ 125 ಪರ್ಸೆಂಟ್ ಬರಲೇಬೇಕು. ಪಂಪಿಲ್ಲದೆ ತಾನಾಗಿ ಇಳಿಯುವ ವ್ಯವಸ್ಥೆಯಾದರೆ 150. ಪೆಟ್ರೋಲ್ ಚೆಲ್ಲುವ ಕೆಲಸ, ಬಯಲಿನಲ್ಲೇ ಮಾಡಿ.

ಎಫ್‌ಎಎಯವರು ಇಲ್ಲವೇ ಅವರು ನೇಮಿಸಿದ ಪ್ರತಿನಿಧಿ ಬಂದು, ಕಾಗದ ನೋಡಿ, ವಿಮಾನ ನೋಡಿ, ಗುಲಾಬಿ ಬಣ್ಣದ ಪ್ರಮಾಣಪತ್ರ ಬರೆದುಕೊಡುತ್ತಾರೆ. ಅವರು ಎಲ್ಲ ತೂತನ್ನೂ ನೋಡುವುದಿಲ್ಲ, ನೋಡಲು ಸಾಧ್ಯವೂ ಇಲ್ಲ. ಆ ಗುಲಾಬಿ ಕಾಗದ ಕಾನೂನಿನ ಒಪ್ಪಿಗೆ, ನಿಮ್ಮ ಕೆಲಸಕ್ಕೆ ಗ್ಯಾರಂಟಿಯಲ್ಲ.

ಮೊದಲ ಹಾರಾಟ, ಆಮೇಲಿನ 40 ಗಂಟೆ

ಅಪಘಾತಗಳ ತನಿಖೆ ನಡೆಸುವ ಅಮೆರಿಕದ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳ ಕುರಿತು ದೊಡ್ಡ ಅಧ್ಯಯನ ಪ್ರಕಟಿಸಿತು. ಖಾಸಗಿ ವಿಮಾನಗಳ ಪೈಕಿ ಇವು ಸುಮಾರು ಹತ್ತರಲ್ಲೊಂದು ಪಾಲು, 2011ರ ಅಪಘಾತಗಳಲ್ಲಿ ಸುಮಾರು 15 ಪರ್ಸೆಂಟ್, ಪ್ರಾಣಹಾನಿಯಾದ ಅಪಘಾತಗಳಲ್ಲಿ 21 ಪರ್ಸೆಂಟ್. ಮುಖ್ಯ ಕಾರಣಗಳು ಎರಡು: ಎಂಜಿನ್ ಕೈಕೊಡುವುದು, ಪೈಲಟ್ ಹಿಡಿತ ತಪ್ಪುವುದು. ಮೊದಲ ಕೆಲವು ಹಾರಾಟಗಳಲ್ಲೇ ಎಷ್ಟೋ ಅಪಘಾತಗಳು ಆಗಿವೆ. ಹೆದರಿಸಲು ಹೇಳುತ್ತಿಲ್ಲ. ಎರಡೂ ಕಾರಣಕ್ಕೆ ಮೊದಲೇ ಮಾಡಬಹುದಾದ ಕೆಲಸವಿದೆ. ಇಂಧನದ ಪರೀಕ್ಷೆ ಮೊದಲನೆಯದಕ್ಕೆ. ಎರಡನೆಯದಕ್ಕೆ, ಕಟ್ಟುವ ವರ್ಷಗಳಲ್ಲಿ ಹಾರುವುದನ್ನು ನಿಲ್ಲಿಸದಿರುವುದು. ದುಡ್ಡು, ಸಮಯ ಎಲ್ಲ ಗ್ಯಾರೇಜಿಗೆ ಹೋಗಿ ಕೈ ಜಂಗು ಹಿಡಿದಿರುತ್ತದೆ, ಅದೇ ಕೈಯಲ್ಲಿ ಹೊಸ ವಿಮಾನ ಎತ್ತಲು ಹೊರಡುತ್ತಾರೆ. ನಾನೂ ಎರಡು ವರ್ಷ ಸರಿಯಾಗಿ ಹಾರಿರಲಿಲ್ಲ. ಮೊದಲ ಹಾರಾಟವನ್ನು ಆರು ವಾರ ಮುಂದೂಡಿ, ಇದೇ ಜಾತಿಯ ವಿಮಾನವಿರುವ ತರಬೇತುದಾರರ ಜೊತೆ ಏಳು ಗಂಟೆ ಹಾರಿ ಬಂದೆ. ಈ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾಗಿ ಖರ್ಚಾದ ದುಡ್ಡು ಅದು.

ಆ ದಿನಕ್ಕೆ ಬಂಧುಬಳಗ ಕರೆಯಬೇಡಿ. ಜನ ನೆರೆದರೆ ‘ಇವತ್ತು ಬೇಡ’ ಅನ್ನಲು ಬಾಯಿ ಬರುವುದಿಲ್ಲ. ಬೆಳಗಿನ ಗಾಳಿಯಿಲ್ಲದ ಹೊತ್ತು, ರನ್‌ವೇ ಪಕ್ಕ ರೇಡಿಯೋ ಹಿಡಿದ ಒಬ್ಬ ಗೆಳೆಯ, ಅಷ್ಟು ಸಾಕು. ಹೊರಡುವ ಮುನ್ನ ಸ್ಟಿಕ್ಕನ್ನು ಎಡಕ್ಕೆ ಎಳೆದು ಎಡ ರೆಕ್ಕೆಯ ಹಿಂದಂಚಿನಲ್ಲಿ ಆಡುವ ಪಟ್ಟಿ, ಅಂದರೆ ಏಲೆರಾನ್, ಮೇಲೇರಿತಾ ಅಂತ ಕಣ್ಣಲ್ಲಿ ನೋಡಿ, ‘ಅಲುಗಾಡಿತು’ ಅಂದರೆ ಸಾಲದು. ಏರಿದ ಮೇಲೆ ಏರ್‌ಪೋರ್ಟಿನ ನೆತ್ತಿಯಲ್ಲೇ ಸುತ್ತಿ, ಎಂಜಿನ್ ನಿಂತರೂ ತೇಲಿ ಇಳಿಯುವಷ್ಟು ಹತ್ತಿರದಲ್ಲಿ. ಮೇಲೆ, ಎತ್ತರದಲ್ಲೇ ವೇಗ ಇಳಿಸಿ ಫ್ಲಾಪ್ ಹಾಕಿ ಇಳಿಯುವ ಅಭ್ಯಾಸ ಮಾಡಿ, ಆಮೇಲೆ ನಿಜವಾಗಿ ಇಳಿಯಿರಿ. ನನ್ನದು 35 ನಿಮಿಷ. ಇಳಿದ ಕೂಡಲೇ ಎಂಜಿನ್ನಿನ ಹೊರಮುಚ್ಚಳ ಕೌಲಿಂಗ್ ಬಿಚ್ಚಿ ನೋಡಿದಾಗ ಒಂದು ಆಯಿಲ್ ಫಿಟಿಂಗಿನ ಸುತ್ತ ತೆಳು ಪಸೆ ಕಂಡಿತು. ಅನುಮಾನದ ಪುಸ್ತಕಕ್ಕೆ ಒಂದು ಸಾಲು.

ಎಂಜಿನ್, ಪ್ರೊಪೆಲ್ಲರ್ ಜೋಡಿ ಪ್ರಮಾಣೀಕೃತವಾಗಿದ್ದರೆ 25 ಗಂಟೆ, ಇಲ್ಲದಿದ್ದರೆ 40 ಗಂಟೆ ಸಾಮಾನ್ಯವಾಗಿ ನಿಗದಿಯಾದ ಪ್ರದೇಶದೊಳಗೇ ಹಾರಬೇಕು, ಸವಾರಿಗೆ ಯಾರನ್ನೂ ಕೂರಿಸುವಂತಿಲ್ಲ. ನನಗೆ 40 ಬಂತು. ಗಂಟೆ ಸವೆಸಲು ಸುಮ್ಮನೆ ಸುತ್ತಬೇಡಿ, ಪ್ರತಿ ಹಾರಾಟಕ್ಕೂ ಒಂದು ಚೀಟಿ, ಒಂದು ಪ್ರಶ್ನೆ ಇರಲಿ. ಯಾವ ವೇಗಕ್ಕೆ ಸ್ಟಾಲ್ ಆಗುತ್ತದೆ (ರೆಕ್ಕೆ ಎತ್ತಿಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ), ಯಾವ ವೇಗದಲ್ಲಿ ಚೆನ್ನಾಗಿ ಏರುತ್ತದೆ, ಗಂಟೆಗೆ ಎಷ್ಟು ಪೆಟ್ರೋಲ್, ವೇಗಮಾಪಕ ಎಷ್ಟು ಸುಳ್ಳು ಹೇಳುತ್ತದೆ. ಕೊನೆಕೊನೆಗೆ ಪೂರ್ತಿ ತೂಕದಲ್ಲೂ ನೋಡಬೇಕು. ಅದಕ್ಕೆ ನಾನು ಇಂಡಿಯನ್ ಸ್ಟೋರಿನಿಂದ 20 ಪೌಂಡಿನ ಸೋನಾ ಮಸೂರಿ ಚೀಲಗಳನ್ನು ತಂದು, ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿ, ಮೇಲೆ ಬಲೆಯಿಂದ ಬಿಗಿದು ಕೂರಿಸಿದೆ. ಪ್ರತಿ ಸಲ ಒಂದೊಂದೇ ಚೀಲ ಹೆಚ್ಚಿಸುತ್ತ ಹೋದೆ. ಅಕ್ಕಿಯ ತೂಕ ಚೀಲದ ಮೇಲೇ ಬರೆದಿರುತ್ತದೆ, ಕೆಲಸ ಮುಗಿದ ಮೇಲೆ ಅಡುಗೆಮನೆಗೆ ಹೋಗುತ್ತದೆ.

ಕಟ್ಟಿದವರು ಅರ್ಜಿ ಹಾಕಿದರೆ ಆ ವಿಮಾನದ ಮಟ್ಟಿಗೆ ರಿಪೇರ್‌ಮನ್ ಪ್ರಮಾಣಪತ್ರ ಸಿಗುತ್ತದೆ. ಪ್ರತಿ 12 ತಿಂಗಳಿಗೊಮ್ಮೆ ಮಾಡಲೇಬೇಕಾದ ತಪಾಸಣೆಯನ್ನು ಆಗ ನೀವೇ ಮಾಡಿ ಸಹಿ ಹಾಕಬಹುದು. ಮೊದಲ ವರ್ಷದ ತಪಾಸಣೆಗೆ ಎಲ್ಲ ಮುಚ್ಚಳ ಬಿಚ್ಚಿ ಹರಡಿಕೊಂಡಿದ್ದಾಗ ಮಗಳು ಕಾಲೇಜಿನಿಂದ ರಜೆಗೆ ಬಂದಿದ್ದಳು. ಹ್ಯಾಂಗರಿನಲ್ಲಿ ಟಾರ್ಚ್ ಹಿಡಿದು ಬಾಲದೊಳಗೆ ತಲೆ ತೂರಿಸಿದಳು.

“ಅಪ್ಪಾ, ಇಲ್ಲೊಂದು ಕಿತ್ತಳೆ ಗೆರೆ ಸೀಳಿದೆ.”

“ಯಾವುದು?”

“ರಡ್ಡರ್ ಕೇಬಲ್ ಹತ್ತಿರ. ಚೂರೇ ಚೂರು. ಆದರೆ ಸೀಳಿದೆ.”

ಟಾರ್ಕ್ ರೆಂಚ್ ತಂದೆ. ಅವಳು ಕೆಂಪು ಟೇಪು ಹರಿದು ಅಂಟಿಸಿದಳು.